ಗೊಂಬೆಯ ಕಣ್ಣು

ಹುಣಸೆಬೀಜದ ಅಂಟು ಕುದಿಯುವ ವಾಸನೆ ಬಂದರೆ ಈಗಲೂ ಗೋಕಾಕದ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದ. ಗೊಂಬೆಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ, ಅದೂ ಅವನೊಬ್ಬನೇ. ಅವನ ಕಣ್ಣುಗಳು ಹೊರಗೆ ತಿಳಿಯಾಗಿಯೇ ಇದ್ದವು. ಒಳಗಿನ ಪರದೆ ಬಾತು ರಕ್ತ ಸೋರುತ್ತಿದೆ ಎಂದಿದ್ದರು ಮಿರಜಿನ ಡಾಕ್ಟರು. ಅಜ್ಜಿ ಮಾತ್ರ, "ಉಷ್ಣ ಆಗೇತಿ, ಇಳೀತೈತಿ" ಎನ್ನುತ್ತ ದಿನವೂ ನಂದಿಬಟ್ಟಲು ಹೂವಿನ ರಸ ಹಿಂಡುತ್ತಿದ್ದಳು.

ಅಂದು ಅಪ್ಪ ಗೊಂಬೆಯ ಮುಖವನ್ನು ಹೆಬ್ಬೆರಳಿನಿಂದ ಸವರಿ, ಉಸಿರು ಹಿಡಿದು ಕುಂಚ ಊರಿದ. ಕಪ್ಪು ಚುಕ್ಕೆ ಕೆನ್ನೆಯ ಮೇಲೆ ಕೂತಿತು.

"ಹೆಂಗ ಬಂತು?" ಎಂದ.

"ಚಂದ ಬಂದೇತ್ರಿ" ಎಂದಳು ಅವ್ವ, ಸೆರಗಿನ ತುದಿಯಿಂದ ಮೆಲ್ಲಗೆ ಅದನ್ನು ಒರೆಸುತ್ತ.

ಗೊಂಬೆ ಇನ್ನೂ ಅಪ್ಪನ ಕೈಯಲ್ಲೇ ಇತ್ತು.

"ಚಂದ ಬಂದಿದ್ರ ಯಾಕ ಒರಸಾಕತ್ತಿ?"