ಗುಡ್ಡ ಜಾರಿದ ದಿನ

ರಸ್ತೆಯ ಮೇಲೆ ಅರ್ಧ ಗುಡ್ಡವೇ ಬಂದು ಕೂತಿತ್ತು. ಸೊಸೆ ಗಕ್ಕನೆ ಕಾರು ನಿಲ್ಲಿಸಿದಳು. ಹಿಂದಿನ ಸೀಟಿನಲ್ಲಿ ಮಾವ ಆಗಲೇ ಏದುಸಿರು ಬಿಡುತ್ತಿದ್ದರು. ಇವತ್ತಿನ ಡಯಾಲಿಸಿಸ್ ತಪ್ಪಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆ ಇದ್ದದ್ದು ಕೆಳಗಿನ ಪೇಟೆಯಲ್ಲಿ, ಪೇಟೆಗೆ ಇದ್ದದ್ದು ಇದೊಂದೇ ರಸ್ತೆ.

ಮಣ್ಣಿನ ಆಚೆ ಹಳೇ ಜೀಪೊಂದು ನಿಂತಿತ್ತು. ಅದರಿಂದ ಇಳಿದವನು ಮೊಣಕಾಲುದ್ದ ಕೆಸರು ತುಳಿದುಕೊಂಡು ಈಚೆ ಬಂದ. ಮೇಲಿನ ಊರಿಗೆ ಹೋಗಬೇಕಾಗಿತ್ತಂತೆ.

"ನಿಮ್ಮ ಕೀ ಕೊಡಿ, ನನ್ನ ಜೀಪು ತಗೊಂಡು ಹೋಗಿ," ಎಂದು ಕೈ ಚಾಚಿದ.

ಸೊಸೆ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವಳು. ಗುರುತಿಲ್ಲ ಪರಿಚಯವಿಲ್ಲ, ಹೊಸಾ ಕಾರು ಬೇರೆ! ಹೆಸರು ಕೇಳಿದಳು, ಊರು ಕೇಳಿದಳು, ಲೈಸೆನ್ಸ್ ತೋರಿಸಿ ಎಂದಳು, ಅದರ ಫೋಟೋ ತೆಗೆದಳು. ಪುಣ್ಯಾತ್ಮ, ಒಂದಕ್ಕೂ ಮುಖ ಗಂಟಿಕ್ಕಲಿಲ್ಲ. ಕೊನೆಗೆ ಮಾವನೇ ಕಿಟಕಿಯಿಂದ ತಲೆ ಹೊರಗೆ ಹಾಕಿ, ಗುಡ್ಡ ಜಾರಿದ ದಿನ ಇಲ್ಲಿ ಎಲ್ಲರೂ ಹೀಗೇ ಗಾಡಿ ಬದಲಾಯಿಸಿಕೊಳ್ಳುವುದು, ಸಂಜೆ ಇಲ್ಲೇ ಸಿಗುತ್ತಾನೆ, ಕೊಡಮ್ಮ ಎಂದರು.

ಅವನು ಮಾವನನ್ನು ಕೂಸುಮರಿ ಮಾಡಿಕೊಂಡು ಕೆಸರು ದಾಟಿಸಿದ. ಜೀಪಿನ ಎರಡನೇ ಗೇರು ಸ್ವಲ್ಪ ಮೊಂಡು, ಜೋರು ಮಾಡಿದರೆ ಬೀಳುವುದಿಲ್ಲ, ನಯವಾಗಿ ತಳ್ಳಬೇಕು ಎಂದು ಹೇಳಿಕೊಟ್ಟು, ಅವಳ ಕೈಯಲ್ಲೇ ಹಾಕಿಸಿ ನೋಡಿದ. ಆಮೇಲೆ ಮತ್ತೆ ಕೆಸರಿಗಿಳಿದ. ಎಂಥ ಕೊಂಪೆಗೆ ಸೊಸೆಯಾಗಿ ಬಂದೆನಪ್ಪಾ ಎಂದು ಇಷ್ಟು ದಿನ ಗೊಣಗುತ್ತಿದ್ದವಳಿಗೆ ಮೊದಲ ಸಲ ಈ ಊರಿನ ಬಗ್ಗೆ ಹೆಮ್ಮೆ ಎನಿಸಿತು.

ಸಂಜೆ ವಾಪಸು ಬರುವಾಗ ಮಾವ ಅವಳ ಡ್ರೈವಿಂಗನ್ನು ಗೇಲಿ ಮಾಡುವಷ್ಟು ಗೆಲುವಾಗಿದ್ದರು. ಮಣ್ಣು ಇನ್ನೂ ಪೂರ್ತಿ ತೆರವಾಗಿರಲಿಲ್ಲ. ಅವನು ಕಾರು ನಿಲ್ಲಿಸಿಕೊಂಡು ಆಚೆ ಕಾಯುತ್ತಿದ್ದ. ಜೀಪು ಕಂಡದ್ದೇ ಕೆಸರು ದಾಟಿ ಬಂದ. ಕಣ್ಣು ಕೆಂಪಾಗಿದ್ದವು.

ಕೀ ಕೊಡುತ್ತಾ, ಹೋದ ಕೆಲಸ ಆಯಿತೇ ಎಂದು ಸೊಸೆ ಕೇಳಿದಳು.

"ಆಯ್ತಮ್ಮ. ಬೆಳಿಗ್ಗೆ ನಮ್ಮಮ್ಮ ತೀರಿಹೋದ್ರು ಅಂತ ಊರಿಂದ ಫೋನ್ ಬಂದಿತ್ತು. ಮುಖ ನೋಡೋಕೆ ಹೊರಟಿದ್ದೆ."

ಲೈಸೆನ್ಸು, ಫೋಟೋ, ಆ ಪ್ರಶ್ನೆಗಳು! ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

"ಆಗಲೇ ಒಂದು ಮಾತು ಹೇಳಬಾರದಿತ್ತಾ ಅಣ್ಣ? ನಾನು ಸುಮ್ಮನೆ ನಿಮ್ಮನ್ನ ನಿಲ್ಲಿಸಿಕೊಂಡೆ."

ಅವನು ಮಾವನ ಕಡೆ ನೋಡಿದ.

"ನಮ್ಮಮ್ಮಂಗೆ ಇನ್ನೇನು ಅವಸರ ತಾಯಿ? ಅವಸರ ಇದ್ದದ್ದು ಇವರಿಗೆ."