ಅಮ್ಮಣ್ಣಿ ಬರೆದ ಮುಖ

"ಒಂದು ದಿನ ನಿನ್ನ ಚಿತ್ರ ಬರೆದೇ ಬರೀತೀನಿ" ಎಂದು ಊಳಿಗದ ಚಿಕ್ಕತಾಯಿಗೆ ಅಮ್ಮಣ್ಣಿ ಮಾತು ಕೊಟ್ಟಾಗ, ಅವರ ಮನೆತನ ಇನ್ನೂ ಸಾಮ್ರಾಜ್ಯ ಆಳುತ್ತಿತ್ತು. ಸಾಮ್ರಾಜ್ಯ ಹೋಗಿ ನಲವತ್ತು ವರ್ಷವಾದ ಮೇಲೆ, ತಮ್ಮ ವಜ್ರದ ಹಾರ ಕಾಣೆಯಾದ ಮೂರನೇ ದಿನ, ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ನನ್ ಮ್ಯಾಲೆ ಅನುಮಾನವಾ, ಅಮ್ಮಣ್ಣಿಯೋರೆ?"

"ಅನುಮಾನ ಇದ್ದೋರು ಕೂರಿಸಿ ಚಿತ್ರ ಬರೀತಾರೇನೆ? ಅಲುಗಾಡಬೇಡ."

ಚಿಕ್ಕತಾಯಿಯ ಎದೆ ಹಗುರಾಯಿತು.

"ಕೆನ್ನೆ ಮ್ಯಾಲಿನ ಮಚ್ಚೆ ಒಂದು ಬರೀಬ್ಯಾಡಿ. ಚೆಂದಾಗಿ ಕಾಣ್ಬೇಕು."

"ಮಚ್ಚೆಯೇ ಮುಖ್ಯ ಕಣೆ."

ಬಣ್ಣ ಆರಿದ ಮೇಲೆ ಅಮ್ಮಣ್ಣಿ ಚಿತ್ರವನ್ನು ಗುಮಾಸ್ತರ ಕೈಗಿತ್ತರು.

"ನಮ್ಮ ನೆಂಟರ ಮನೆಗಳಿಗೆಲ್ಲ ತೋರಿಸಿ ಬನ್ನಿ. ಈ ಕಳ್ಳಿಯನ್ನು ಯಾರೂ ಊಳಿಗಕ್ಕೆ ಇಟ್ಟುಕೋಬಾರದು."

ಅಮ್ಮಣ್ಣಿ ಕೊಟ್ಟ ಮಾತಿಗೆ ತಪ್ಪಲಿಲ್ಲ.