ಅರ್ಧ ಗಾಳಿ

ಸೊಸೆ ಅಡುಗೆಮನೆಯ ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತು ಹತ್ತು ನಿಮಿಷವಾಗಿತ್ತು. ಹಿತ್ತಲಲ್ಲಿ ಗೋಡೆಗೆ ಒರಗಿಸಿದ ಅವಳ ಸೈಕಲ್ಲು, ಅದರ ಪಕ್ಕದಲ್ಲಿ ನಲ್ಲಿ, ನಲ್ಲಿಯ ಬಳಿ ಅತ್ತೆ. ಸಂಜೆಯ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ.

ಅತ್ತೆ ದಿನದ ಕೆಲಸದಲ್ಲಿದ್ದರು. ಕುಡಿಯುವ ನೀರಿನ ಕೊಡ ಮುಕ್ಕಾಲು ತುಂಬಿತ್ತು. ಅಷ್ಟನ್ನೂ ಗಿಡಗಳ ಬುಡಕ್ಕೆ ಸುರಿದು, ಕೊಡ ತಿಕ್ಕಿ, ಹೊಸ ನೀರು ಹಿಡಿದರು. “ನಿನ್ನೇದು ನಿನ್ನೆಗಾಯ್ತು” ಎಂದು ಗೊಣಗಿಕೊಂಡರು. ಸೊಸೆ ಈ ಮನೆಗೆ ಬಂದ ಮೂರು ವರ್ಷದಲ್ಲಿ ಒಂದು ಸಂಜೆಯೂ ಇದು ತಪ್ಪಿರಲಿಲ್ಲ, ಜ್ವರ ಬಂದ ದಿನವೂ. ನಿಮ್ಮಮ್ಮ ಹಿಡಿದ ಹಟ ಬಿಡುವವರಲ್ಲ ಎಂದು ಗಂಡನ ಹತ್ತಿರ ಹೇಳಿಕೊಂಡು ನಕ್ಕಿದ್ದಳು. ಈಗ ನಗು ಬರಲಿಲ್ಲ.

ಅವಳಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಒಂದು ವರ್ಷದಿಂದ ತಾತ್ಕಾಲಿಕ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಗೇಟು ಮುಚ್ಚುತ್ತದೆ. ಕಾಯಂ ಆಗುವವರ ಪಟ್ಟಿ ನಾಳೆ ಸಿದ್ಧವಾಗುತ್ತದೆ.

“ಈ ವಾರ ಮೂರು ಸಲ ತಡ,” ಎಂದಿದ್ದರು ಮೇಲ್ವಿಚಾರಕಿ. “ನಾಳೆಯೂ ತಡವಾದ್ರೆ ನಿನ್ನ ಹೆಸರು ನಾನೇ ಹೊಡೆದುಹಾಕ್ಬೇಕಾಗುತ್ತಮ್ಮ. ಬೇಜಾರು ಮಾಡ್ಕೋಬೇಡ.”

ತಡವಾದದ್ದು ಸೈಕಲ್ಲಿನಿಂದ. ಕಳೆದ ವಾರ ಹಿಂದಿನ ಚಕ್ರಕ್ಕೆ ಮುಳ್ಳು ಚುಚ್ಚಿ ದಾರಿಯಲ್ಲೇ ಪಂಕ್ಚರ್ ಆಗಿತ್ತು. ಅವತ್ತು ಅಳುತ್ತ ಮನೆಗೆ ಬಂದಾಗ ಅತ್ತೆ ಹೇಳಿದ್ದು ಒಂದೇ ಮಾತು: “ನೀನು ಸುಮ್ನೆ ಮಲಗು. ಆ ಸೈಕಲ್ಲಿಗೆ ಏನು ಮಾಡ್ಬೇಕು ಅಂತ ನಂಗೊತ್ತು.”

ಅಲ್ಲಿಂದ ಶುರು. ಪಂಕ್ಚರ್ ಹಾಕಿಸಿದ್ದಾಯಿತು. ದಿನಾ ಮಧ್ಯಾಹ್ನ ಗಾಳಿ ತುಂಬಿಸಿಕೊಂಡು ಬಂದದ್ದಾಯಿತು. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಚಕ್ರ ಮೆತ್ತಗೆ. ಪೂರ್ತಿ ಅಲ್ಲ, ಅರ್ಧ. ಹತ್ತಿ ಕೂತರೆ ರಿಮ್ಮು ನೆಲಕ್ಕೆ ಬಡಿಯುವಷ್ಟು. ತಾನಾಗಿ ಇಳಿದಂತೆ ಕಾಣಲಿ ಎಂಬ ಉಪಾಯ! ಮನೆಯ ಪಂಪು ಗಂಡನ ಜೊತೆ ಲಾರಿಯಲ್ಲಿ ಹೋಗಿ ಹದಿನೈದು ದಿನವಾಗಿತ್ತು. ಐದು ಬೆಳಗು ಅವಳು ಅತ್ತೆ ಏಳುವ ಮುಂಚೆ, ಬಾಯಿ ಬಿಡದೆ, ಸೈಕಲ್ಲು ತಳ್ಳಿಕೊಂಡು ಹೊರಟಿದ್ದಳು. ಮೂರು ಬೆಳಗು ಕಣ್ಣೆದುರೇ ಗೇಟು ಮುಚ್ಚಿತ್ತು.

ಇವತ್ತು ಮಧ್ಯಾಹ್ನ ಮೆಕ್ಯಾನಿಕ್ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮೂರು ಸುತ್ತು ತಿರುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ.

“ಟ್ಯೂಬು ಚಿನ್ನದಂಥದು ಅಕ್ಕಾ. ಯಾರೋ ಕೈಯಾಡಿಸ್ತಿದ್ದಾರೆ,” ಎಂದ. ಆಮೇಲೆ ನೆನಪು ಮಾಡಿಕೊಂಡ. “ಅಣ್ಣ ರೇಸಿಗೆ ಹೋಗ್ತಿದ್ದಾಗ ಗ್ಯಾಸಿನ ಪುಟಾಣಿ ಸಿಲಿಂಡರು ಇಟ್ಕೊಂಡಿದ್ರಲ್ಲ, ಹೆಬ್ಬೆರಳಷ್ಟು? ಇದ್ರೆ ಬೆಳಿಗ್ಗೆ ಒಂದನ್ನ ಸಿಕ್ಕಿಸಿ ತಿರುಗಿಸಿ. ಎರಡು ಸೆಕೆಂಡಿಗೆ ಚಕ್ರ ಗಟ್ಟಿ. ಆದ್ರೆ ಅದು ಕೆಲಸಕ್ಕೆ ಮುಟ್ಟೋಕಷ್ಟೇ. ಆ ಗ್ಯಾಸು ರಬ್ಬರಲ್ಲಿ ನಿಲ್ಲಲ್ಲ, ಸೋರ್ತಾನೇ ಇರುತ್ತೆ. ಆಮೇಲೆ ಬಂದು ನಿಜವಾದ ಗಾಳಿ ಹಾಕಿಸ್ಕೊಳ್ಳಿ. ದಿನಾ ರಾತ್ರಿ ಎಂಟು ಗಂಟೆವರೆಗೂ ಅಂಗಡೀಲೇ ಇರ್ತೀನಿ.”

ಅವಳು ಓಡೋಡಿ ಬಂದು ಗಂಡನ ಸಿಲಿಂಡರು ಡಬ್ಬಿ ತೆಗೆದಿದ್ದಳು. ಆರು ಗೂಡು. ಐದು ಖಾಲಿ. ಗಂಡ ಹೊರಟ ದಿನ ಆರೂ ತುಂಬಿದ್ದವು. ಧೂಳು ಒರೆಸಿದವಳು ಅವಳೇ. ಮನೆಯಲ್ಲಿದ್ದವರು ಇಬ್ಬರೇ.

ಗಾಳಿ ಬಿಡುವುದು ಸಾಲದೆಂದು ತುಂಬಿಕೊಳ್ಳುವ ದಾರಿಯನ್ನೂ ಮುಚ್ಚುತ್ತಿದ್ದಾರೆ! ಉಳಿದ ಒಂದನ್ನು ಮುಟ್ಟದೆ ಡಬ್ಬಿ ಮುಚ್ಚಿದ್ದಳು. ಕಣ್ಣಾರೆ ಕಾಣಬೇಕಿತ್ತು.

ಕಂಡಳು. ಅತ್ತೆ ಕೊಡವನ್ನು ಕಟ್ಟೆಯ ಮೇಲಿಟ್ಟು, ಅತ್ತ ಇತ್ತ ನೋಡಿ, ಹಿಂದಿನ ಚಕ್ರದ ಬಳಿ ಮಂಡಿಯೂರಿದರು. ಎಡಗೈಗೆ ಬಟ್ಟೆಪಟ್ಟಿ ಸುತ್ತಿತ್ತು. ಬಾಣಲೆ ತಗುಲಿ ಸುಟ್ಟಿತು ಎಂದಿದ್ದರು. ಬಲಗೈ ವಾಲ್ವಿಗೆ ಹೋಯಿತು.

ಸ್ಸ್ಸ್ಸ್...

ಅತ್ತೆಗೆ ಅವಸರವಿರಲಿಲ್ಲ. ಟೈರನ್ನು ಹಿಸುಕಿ ಹಿಸುಕಿ ಕೊನೆಯ ಉಸಿರನ್ನೂ ತೆಗೆದರು. ಇವತ್ತು ಅರ್ಧವಲ್ಲ, ಪೂರ್ತಿ.

ಸೊಸೆ ಬಾಗಿಲು ದೂಡಿಕೊಂಡು ಹೊರಬಂದಳು. “ಅತ್ತೆ!”

“ಅಯ್ಯೋ, ಜೀವಾನೇ ಹೋಯ್ತಲ್ಲೇ! ಒಂದು ಕೆಮ್ಮಾದ್ರೂ ಕೆಮ್ಮಿ ಬರಬಾರ್ದಾ?”

“ದಿನಾ ಗಾಳಿ ಬಿಡ್ತಿದ್ದೋರು ನೀವೇನಾ?”

“ಹೂಂ, ನಾನೇ. ಇನ್ಯಾರು ಬಂದು ಮಾಡ್ತಾರೆ? ಹೇಳಿದ್ರೆ ಬೇಡ ಅಂತೀಯಾ ಅಂತ ಸುಮ್ನಿದ್ದೆ.”

“ನಾನು ಕೆಲಸಕ್ಕೆ ಹೋಗೋದು ಇಷ್ಟ ಇಲ್ದಿದ್ರೆ ಮುಖಕ್ಕೇ ಹೇಳ್ಬಹುದಿತ್ತು. ನಾಳೆಯೂ ತಡವಾದ್ರೆ ಕೆಲಸ ಹೋಗುತ್ತೆ ಅತ್ತೆ!”

“ಹಾಗಾಗಬಾರ್ದು ಅಂತಲೇ ಅಲ್ವೇನೇ, ಈ ಮಂಡಿ ಇಟ್ಕೊಂಡು ದಿನಾ ನೆಲಕ್ಕೆ ಕೂರೋದು?”

ಅತ್ತೆ ಮಡಿಲಿನಿಂದ ಆರನೆಯ ಸಿಲಿಂಡರನ್ನು ತೆಗೆದರು. ಮಗ ಸಿಕ್ಕಿಸುತ್ತಿದ್ದಂತೆಯೇ ವಾಲ್ವಿಗೆ ಸಿಕ್ಕಿಸಿ ತಿರುಗಿಸಿದರು. ಫುಸ್ಸ್! ನೆಲಕ್ಕೆ ಒರಗಿದ್ದ ಟೈರು ಎದ್ದು ನಿಂತಿತು. ಸಿಲಿಂಡರಿನ ಮೈಮೇಲೆ ಬೆಳ್ಳಗೆ ಹಿಮ ಕಟ್ಟಿತು. ಅತ್ತೆ ಕೈ ಕೊಡವಿ ಬಟ್ಟೆಪಟ್ಟಿಯ ಮೇಲೆ ಊದಿಕೊಂಡರು.

“ಒತ್ತಿ ನೋಡು. ನನ್ನ ಮಗ ಗೆದ್ದ ರೇಸೆಲ್ಲ ಇದರ ಮೇಲೇ.”

ಸೊಸೆ ಒತ್ತಿದಳು. ಕಲ್ಲು. ಒಳಗೆ ಗಡಿಯಾರ ಏಳೂವರೆ ಹೊಡೆಯಿತು. ಮೆಕ್ಯಾನಿಕ್ ಅಂಗಡಿಗೆ ಹತ್ತು ನಿಮಿಷದ ದಾರಿ.

“ಮತ್ತೆ... ಇದ್ದ ಗಾಳಿ ಯಾಕೆ ಬಿಟ್ರಿ ಅತ್ತೆ?”

ಇಷ್ಟೂ ತಿಳಿಯದವಳನ್ನು ನೋಡುವಂತೆ ಅತ್ತೆ ಅವಳನ್ನು ನೋಡಿದರು.

“ನಿನ್ನೆಯ ಹಳಸಲು ಗಾಳೀಲಿ ನನ್ನ ಸೊಸೆ ಕೆಲಸಕ್ಕೆ ಹೋಗ್ಬೇಕಾ?”